ಜಾತಕದಾಗ ಚೆನ್ನಮ್ಮ ಸರ್ಕಲ್

ನನ್ನ ಅಕ್ಕನ ಮಗಳು ಹುಟ್ಟಿದ್ದು 1999ರ ಆಗಸ್ಟ್ 11ರ ಸಂಜೆ. ನಾಗರ ಅಮಾವಾಸ್ಯೆ, ಮೇಲೆ ಸೂರ್ಯಗ್ರಹಣ. ಇಷ್ಟು ಸಾಲದು ಅಂತ ಅವತ್ತು ಜಗತ್ತೇ ಮುಳುಗಬೇಕಿತ್ತು. ಪ್ಯಾರಿಸ್ಸಿನಲ್ಲಿ ಬಟ್ಟೆ ವಿನ್ಯಾಸ ಮಾಡುತ್ತಿದ್ದ ಪಾಕೊ ರಬಾನ್ ಎಂಬ ದೊಡ್ಡ ಮನುಷ್ಯ, ರಷ್ಯಾದ ಮೀರ್ ಬಾಹ್ಯಾಕಾಶ ನಿಲ್ದಾಣ ಗ್ರಹಣದ ದಿನ ತನ್ನ ಊರ ಮೇಲೇ ಬೀಳುತ್ತದೆ ಅಂತ ಸಾರಿದ್ದ. ಮೀರ್ ಬಿದ್ದದ್ದು 2001ರಲ್ಲಿ, ಅದೂ ಪೆಸಿಫಿಕ್ ಸಮುದ್ರಕ್ಕೆ. ಆ ದಿನ ಭೂಮಿಗೆ ಬಿದ್ದವಳು ಹುಬ್ಬಳ್ಳಿಯ ನಮ್ಮ ಹುಡುಗಿ.

ಈಗ ಅವಳಿಗೆ ವರ ನೋಡುತ್ತಿದ್ದೇವೆ. ಗದಗಿನ ಕಡೆಯವರು ಬಂದರು, ಅವಲಕ್ಕಿ ತಿಂದರು, ಚಹಾ ಕುಡಿದರು. ಹೋಗುವಾಗ ಹುಡುಗನ ತಾಯಿ ಚಪ್ಪಲಿ ಮೆಟ್ಟುತ್ತ, "ಹುಡುಗಿ ಪಸಂದ್ ಅದಾಳ್ರಿ. ಸುಮ್ನ ಜಾತಕ ಒಂದು ಕಳಿಸಿಬಿಡ್ರಿ" ಎಂದರು. ಆ 'ಸುಮ್ನ' ಎಂಬ ಮಾತಿಗೆ ನಾನು ಮೋಸ ಹೋದೆ.

ದುರ್ಗದ ಬೈಲಿನ ಹಿಂದಿನ ಓಣಿಯಲ್ಲಿ ಒಬ್ಬ ಜೋಯಿಸರಿದ್ದಾರೆ. ಮೊದಲು ಪಂಚಾಂಗ ಇತ್ತು, ಈಗ ಕಂಪ್ಯೂಟರ್. ಹೆಸರು, ದಿನಾಂಕ, ಊರು ಒತ್ತಿದರೆ ಪ್ರಿಂಟರ್ 42 ಪುಟ ಕಕ್ಕುತ್ತದೆ. ಮೊದಲ ಪುಟದಲ್ಲಿ ಗಣಪತಿ, ಕೊನೆಯ ಪುಟದಲ್ಲಿ ಹರಳಿನ ಜಾಹೀರಾತು. ಜೋಯಿಸರು ಕುಂಡಲಿಯ ಪುಟ ತೆಗೆದು ಕೆಂಪು ಪೆನ್ನಿನಿಂದ ಮೇಷದಿಂದ ತುಲಾಕ್ಕೆ ಒಂದು ಗೆರೆ, ಕರ್ಕದಿಂದ ಮಕರಕ್ಕೆ ಇನ್ನೊಂದು ಗೆರೆ ಎಳೆದರು. ಚೌಕದ ನಡುವೆ ಸ್ವಲ್ಪ ಓರೆಯಾದ ಶಿಲುಬೆ ಮೂಡಿತು.

"ನೋಡ್ರಿ ಯಜಮಾನ್ರ. ಮಕರ ಲಗ್ನ, ಅಂದ್ರ ಹುಟ್ಟೂ ಹೊತ್ತಿಗೆ ಮೂಡಣದಾಗ ಏಳೂ ರಾಶಿ, ಅದೇ ಒಂದನೇ ಮನಿ. ಲಗ್ನದಾಗ ಕೇತು. ನಾಲ್ಕರಾಗ ಶನಿ, ಅದೂ ನೀಚ. ಏಳರಾಗ ರಾಹು, ಅವನ ಬಾಯಾಗ ಸೂರ್ಯ, ಚಂದ್ರ. ಹತ್ತರಾಗ ಕುಜ. ಒಂದು, ನಾಲ್ಕು, ಏಳು, ಹತ್ತು, ಈ ನಾಲ್ಕೂ ಕೇಂದ್ರದ ಮನಿಯಾಗ ನಾಲ್ಕು ಮಂದಿ ಪಾಪಿಗಳು! ಇಂಥಾ ಜಾತಕ ನಾ ನೋಡೇ ಇಲ್ಲ."

"ಆ ಸಂಜಿ ಹುಟ್ಟಿದ ಎಲ್ಲಾ ಮಕ್ಕಳದೂ ಹಿಂಗ ಇರ್ತದಲ್ರಿ?" ಎಂದೆ. ಆಸ್ಪತ್ರೆಯಲ್ಲಿ ಅಕ್ಕನ ಪಕ್ಕದ ಹಾಸಿಗೆಯಲ್ಲಿ ಅದೇ ಹೊತ್ತಿಗೆ ಒಂದು ಗಂಡು ಕೂಸು ಹುಟ್ಟಿತ್ತು. ಅವನ ಮದುವೆಯಾಗಿ ಎರಡು ಮಕ್ಕಳು. ಅವನಪ್ಪ ಜಾತಕವನ್ನೇ ಬರೆಸಿರಲಿಲ್ಲ, ಹಾಗಾಗಿ ಪಾಪಿಗಳಿಗೆ ಅವನ ವಿಳಾಸ ಸಿಕ್ಕಿರಲಿಕ್ಕಿಲ್ಲ.

ಜೋಯಿಸರು ನನ್ನ ಪ್ರಶ್ನೆಯನ್ನು ಪ್ರಿಂಟರಿನ ಸದ್ದಿನಲ್ಲಿ ಮುಳುಗಿಸಿ ದೃಷ್ಟಿಗೆ ಬಂದರು. ಎಲ್ಲ ಗ್ರಹಗಳಿಗೂ ಎದುರಿನ ಏಳನೇ ಮನೆ ಕಾಣುತ್ತದೆ. ಕುಜನಿಗೆ ಮೇಲಿಂದ ನಾಲ್ಕು ಮತ್ತು ಎಂಟು, ಶನಿಗೆ ಮೂರು ಮತ್ತು ಹತ್ತು. ಇರುವುದೇ ಹನ್ನೆರಡು ಮನೆ. ತಾವು ಕೂತದ್ದೂ ಸೇರಿ ಇವರಿಬ್ಬರೇ ಎಂಟು ಮನೆಯವರೆಗೆ ಉಸ್ತುವಾರಿ ಮಾಡಬಹುದು. ನಮ್ಮ ಓಣಿಯ ಕಟ್ಟೆಯ ಮೇಲೆ ದಿನವಿಡೀ ಕೂರುವ ಹಿರಿಯರಿಗೂ ಇಷ್ಟು ಮನೆ ಕಾಣುವುದಿಲ್ಲ. ನಮ್ಮ ಹುಡುಗಿಯ ಕುಂಡಲಿಯಲ್ಲಂತೂ ಶನಿ, ಕುಜ ಎದುರುಬದುರು ಕೂತು ಒಬ್ಬರನ್ನೊಬ್ಬರು ದುರುಗುಟ್ಟುತ್ತಿದ್ದಾರೆ. ಬೇಸರವಾದಾಗ ಇಬ್ಬರೂ ಲಗ್ನದ ಕಡೆ ತಿರುಗುತ್ತಾರೆ.

"ಕಾಲಸರ್ಪ ಅಂತೂ ಇಲ್ಲಲ್ರಿ?" ಎಂದು ಕೇಳಿದೆ. ಏಳೂ ಗ್ರಹ ರಾಹು-ಕೇತುಗಳ ಒಂದೇ ಮಗ್ಗುಲಿಗೆ ಬಿದ್ದರೆ ಮಾತ್ರ ಕಾಲಸರ್ಪ. ಇಲ್ಲಿ ಶುಕ್ರ, ಕುಜ ಒಂದು ಕಡೆ, ಶನಿ, ಗುರು ಇನ್ನೊಂದು ಕಡೆ. ಜೋಯಿಸರು ಬೆರಳು ಮಡಚಿ ಎಣಿಸಿದರು. ಮುಖ ಸಪ್ಪಗಾಯಿತು. ಆಮೇಲೆ ಹೊಳೆಯಿತು. "ಕಾಲಸರ್ಪ ಇಲ್ಲ ಖರೆ. ಆದ್ರ ಹುಟ್ಟಿದ್ದು ನಾಗರ ಅಮಾಸಿಗೆ ನೋಡ್ರಿ. ಸರ್ಪಶಾಂತಿ ಮಾಡಿಸಿಬಿಡೂದು ಚಲೋ."

ಮನೆಗೆ ಬಂದು ಹೇಳಿದರೆ ಹುಡುಗಿ ನಗಲೂ ಇಲ್ಲ, ಅಳಲೂ ಇಲ್ಲ. ಮೊಬೈಲ್ ಮುಂದೆ ಹಿಡಿದಳು. "ಮಾಮಾ, ನನ್ನ ಆಪ್‌ನಾಗೂ ಅದ. ಗ್ರ್ಯಾಂಡ್ ಕ್ರಾಸ್ ಅಂತ." ಪಾಶ್ಚಾತ್ಯ ಜ್ಯೋತಿಷ್ಯದ ಆಪ್ ಅದು. ಅವರ ಲೆಕ್ಕ ಡಿಗ್ರಿಯದು. 180 ಡಿಗ್ರಿ ಎಂದರೆ ಎದುರಾಬದುರಾ, 90 ಎಂದರೆ ತಿಕ್ಕಾಟ. ಎದುರುಬದುರು ನಿಂತ ಎರಡು ಜೋಡಿಗಳು ಒಂದಕ್ಕೊಂದು ಅಡ್ಡಬಂದರೆ ಗ್ರ್ಯಾಂಡ್ ಕ್ರಾಸ್. ಅದರಲ್ಲಿ ಒಂದು ಕಾಲು ಮುರಿದರೆ ಟಿ-ಸ್ಕ್ವೇರ್. ಕೇತು ಅವರಿಗೆ ಅಷ್ಟು ಪರಿಚಯವಿಲ್ಲ, ಆ ಮೂಲೆಯಲ್ಲಿ ಯುರೇನಸ್‌ನನ್ನು ಕೂರಿಸಿದ್ದಾರೆ.

ಮಜಾ ಏನೆಂದರೆ, ಪಂಚಾಂಗದ ಪ್ರಕಾರ ಅವತ್ತು ಸೂರ್ಯ ಕರ್ಕದಲ್ಲಿ, ಆಪ್ ಪ್ರಕಾರ ಸಿಂಹದಲ್ಲಿ. ಅವರ ರಾಶಿಚಕ್ರಕ್ಕೂ ನಮ್ಮದಕ್ಕೂ ಸುಮಾರು 24 ಡಿಗ್ರಿ ಅಂತರವಿದೆ. ಎಲ್ಲ ಗ್ರಹಗಳೂ ಒಟ್ಟಿಗೇ ಸರಿಯುವುದರಿಂದ ಅವುಗಳ ನಡುವಿನ ಕೋನ ಹಾಗೇ ಉಳಿಯುತ್ತದೆ. ಅಂದರೆ ಮನೆ ಬದಲಾಯಿಸಬಹುದು, ಜಗಳ ಬಿಡಿಸಲಿಕ್ಕಾಗದು.

ಈ ಕ್ರಾಸ್ ಹೇಗಿರುತ್ತದೆ ಎಂದು ತಿಳಿಯಲು ಆಪ್ ಬೇಕಿಲ್ಲ. ಸಂಜೆ ಆರಕ್ಕೆ ಚೆನ್ನಮ್ಮ ಸರ್ಕಲ್ಲಿಗೆ ಬನ್ನಿ. ಒಂದು ಕಡೆಯಿಂದ ಶನಿಯಂತೆ ತೆವಳುವ ಕಬ್ಬಿನ ಟ್ರ್ಯಾಕ್ಟರ್. ಅದರೆದುರು ಕುಜನಂತೆ ನುಗ್ಗುವ ಟಂಟಂ. ಅಡ್ಡದಲ್ಲಿ ತಲೆ ಮಾತ್ರ ತೂರಿಸಿ ನಿಂತ ಬೈಕ್, ಅದು ರಾಹು. ಅದರೆದುರು ರಿವರ್ಸ್ ಬರುತ್ತಿರುವ ಕಾರು, ತಲೆಯೇ ಇಲ್ಲದ ಕೇತು. ಯಾರೂ ಬಿಡುವುದಿಲ್ಲ, ಯಾರಿಗೂ ದಾರಿಯಿಲ್ಲ. ನಡುವೆ ಕುದುರೆಯ ಮೇಲೆ ಕತ್ತಿ ಹಿಡಿದ ರಾಣಿ. ಅಷ್ಟಾದರೂ ಹುಬ್ಬಳ್ಳಿಯ ಮಂದಿ ದಿನಾ ಈ ಯೋಗ ದಾಟಿ ಮನೆಗೆ ಹೋಗಿ ಊಟ ಮಾಡುತ್ತಾರೆ, ಅದೂ ಶಾಂತಿ ಮಾಡಿಸದೆ.

ನನಗೆ ಹಟ ಬಂತು. ದೋಷವಿಲ್ಲದವರು ಎಷ್ಟು ಮಂದಿ ಇರಬಹುದು ಅಂತ ಲೆಕ್ಕಕ್ಕೆ ಕೂತೆ. ಸಾಡೇಸಾತಿ, ಅಂದರೆ ಶನಿಯ ಏಳೂವರೆ ವರ್ಷದ ಕಾಟ, ಒಂದೇ ಸಲಕ್ಕೆ ಮೂರು ರಾಶಿಗೆ. 2025ರ ಮಾರ್ಚಿನಲ್ಲಿ ಶನಿ ಮೀನಕ್ಕೆ ಬಂದಾಗಿನಿಂದ ಕುಂಭ, ಮೀನ, ಮೇಷ. ಜೊತೆಗೆ ಅಷ್ಟಮ ಶನಿ ಸಿಂಹಕ್ಕೆ, ಪಂಚಮ ವೃಶ್ಚಿಕಕ್ಕೆ, ಅರ್ಧಾಷ್ಟಮ ಧನುವಿಗೆ. ಹನ್ನೆರಡರಲ್ಲಿ ಆರು ಹೋಯಿತು. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನ 9.4 ಲಕ್ಷ. ಅದರಲ್ಲಿ ಅರ್ಧ ಮಂದಿ ಯಾವಾಗ ನೋಡಿದರೂ ಶನಿಯ ಕೈಯಲ್ಲಿ. ಇನ್ನು ಕುಜದೋಷ. ಒಂದು, ಎರಡು, ನಾಲ್ಕು, ಏಳು, ಎಂಟು, ಹನ್ನೆರಡು, ಈ ಆರರಲ್ಲಿ ಎಲ್ಲಿ ಕುಜ ಕೂತರೂ ದೋಷ. ಲಗ್ನದಿಂದ ಎಣಿಸಬೇಕು, ಚಂದ್ರನಿಂದ ಎಣಿಸಬೇಕು, ಶುಕ್ರನಿಂದಲೂ ಎಣಿಸಬೇಕು. ಮೂರು ಸಲ ನಾಣ್ಯ ಚಿಮ್ಮಿದಂತೆ. ಎಂಟು ಮಂದಿಯಲ್ಲಿ ಹೆಚ್ಚುಕಡಿಮೆ ಏಳು ಮಂದಿ ಸಿಕ್ಕಿಬೀಳುತ್ತಾರೆ. ಉಳಿದ ಒಬ್ಬನಿಗೆ ಜಾತಕ ಹೊಂದಿಸುವಾಗ ನಾಡಿ ಕೂಡಿಬರುವುದಿಲ್ಲ.

ನಮ್ಮ ಹುಡುಗಿ ಲಗ್ನದಿಂದ ಪಾರಾಗಿದ್ದಳು, ಶುಕ್ರನಿಂದಲೂ ಪಾರಾಗಿದ್ದಳು. ಚಂದ್ರನಿಂದ ನಾಲ್ಕನೇ ಮನೆಯಲ್ಲಿ ಕುಜ ಕಾದು ಕೂತಿದ್ದ.

ಅಷ್ಟರಲ್ಲಿ ಹುಟ್ಟಿದ ಹೊತ್ತಿನ ತಕರಾರು ಎದ್ದಿತು. ಆಸ್ಪತ್ರೆಯ ಚೀಟಿಯಲ್ಲಿ 6:10 ಎಂದಿದೆ. ಅಕ್ಕ, "ಇಲ್ಲೋ, ದೀಪಾ ಹಚ್ಚಿ ಭಾಳ ಹೊತ್ತಾಗಿತ್ತು. ಏಳೂವರಿ ಆಗಿರಬೇಕು. ಹೆತ್ತಾಕಿ ನಾನು, ನನಗ ಗೊತ್ತಿಲ್ಲೇನು?" ಎಂದು ಕೂತಳು. ಮತ್ತೆ ಜೋಯಿಸರ ಹತ್ತಿರ ಹೋದೆ. 7:30 ಒತ್ತಿದರು. ಕುಂಭ ಲಗ್ನ! ನೀಚ ಶನಿ ಮೂರನೇ ಮನೆಗೆ ಹೋದ. ಮೂರರ ಶನಿ ಧೈರ್ಯ ಕೊಡುತ್ತಾನಂತೆ. ರಾಹು ಆರಕ್ಕೆ, ಶತ್ರುನಾಶ. ಕೇಂದ್ರದಲ್ಲಿ ಒಬ್ಬ ಪಾಪಿಯೂ ಇಲ್ಲ. ಒಂದು ತಾಸು ಇಪ್ಪತ್ತು ನಿಮಿಷದಲ್ಲಿ ನಾಲ್ಕು ಗೂಂಡಾಗಳಲ್ಲಿ ಇಬ್ಬರು ಸಮಾಜಸೇವಕರಾದರು. ಚುನಾವಣೆಗೆ ಮೊದಲು ಇದು ಆಗುವುದನ್ನು ನೋಡಿದ್ದೇನೆ, ಜಾತಕದಲ್ಲಿ ನೋಡಿದ್ದು ಇದೇ ಮೊದಲು.

"ಹಂಗಾದ್ರ ಇದನ್ನ ಕಳಿಸ್ಲೇನ್ರಿ?" ಎಂದೆ.

ಜೋಯಿಸರು ಕನ್ನಡಕ ಒರೆಸಿದರು. "ವ್ಯಾಳ್ಯಾ ನಿಖರ ಇರಬೇಕು ಯಜಮಾನ್ರ. ನಾಲ್ಕು ನಿಮಿಷಕ್ಕ ಒಂದು ಡಿಗ್ರಿ ಸರೀತದ. ಸೆಕೆಂಡ್ ಹಿಡಿದು ಲೆಕ್ಕಾ ಮಾಡೂ ಶಾಸ್ತ್ರ ಇದು. ಹುಡುಗಿಯ ಮದುವಿ ಯಾವ ತಿಂಗಳು, ಯಾವ ವಾರ ಅಂತ ನಾ ಈಗ..."

ಹೊರಗೆ ಓಣಿಯ ತುದಿಯಿಂದ ಒಬ್ಬ ಹೆಣ್ಣುಮಗಳು ಕೂಗಿದಳು. "ನಳಾ ಬಂತು! ಅಕ್ಕಾರ, ನಳಾ ಬಂದಾವ್ರೀ!"

ಎಂಟು ದಿನ ಆಗಿತ್ತಂತೆ. ಜೋಯಿಸರು ಶಲ್ಯ ಕುರ್ಚಿಗೆ ಎಸೆದರು, ಧೋತರ ಮೇಲೆ ಕಟ್ಟಿದರು. ಎರಡು ಕೊಡ, ಒಂದು ಬಕೀಟು, ಕೆಂಪು ಪೈಪು. ಪರದೆಯ ಮೇಲೆ ನಾಲ್ಕು ಪಾಪಿಗಳು ಮಿನುಗುತ್ತಿದ್ದರು. ಅಂಗಳದಿಂದ ಅವರ ದನಿ ಬಂತು: "ಯಜಮಾನ್ರ, ಸ್ವಲ್ಪ ಲಗೂನ ಬರ್ರಿ, ಈ ಬ್ಯಾರಲ್ಲಿಗೆ ಪೈಪ್ ಹಿಡೀರಿ! ಯಾವಾಗ ಹೋಗ್ತದೋ ಹೇಳಾಕ ಬರೂದಿಲ್ಲ!"