ಗೂಡಿನ ಬಾಯಲ್ಲಿರುವ ಪಾಠ

ಇರುವೆಗಳು ದಾರಿಯುದ್ದಕ್ಕೂ ಬಿಡುವ ವಾಸನೆಯ ಜಾಡಿನಿಂದ ಸರ್ವರ್‌ಗಳು, ಅಂದರೆ ಆ್ಯಪ್‌ಗಳ ಕೋರಿಕೆಗೆ ಉತ್ತರಿಸುವ ಕಂಪ್ಯೂಟರ್‌ಗಳು, ಕಲಿಯಬೇಕು ಎಂಬ ಮಾತಿದೆ. ನಿಜವೇ, ಆದರೆ ಕುಸಿಯದ ವ್ಯವಸ್ಥೆ ಕಟ್ಟುವವರಿಗೆ ಇನ್ನೂ ಹೆಚ್ಚು ಕಲಿಸುವುದು ಅಮೆರಿಕದ ನೈಋತ್ಯ ಮರುಭೂಮಿಯ ಕಾಳು ಕೂಡಿಡುವ ಕೆಂಪಿರುವೆ. ಅಲ್ಲಿ ಬಿಸಿಲಿಗೆ ಹೊರಬಿದ್ದ ಪ್ರತಿ ಇರುವೆಯೂ ಮೈಯ ನೀರು ಕಳೆದುಕೊಳ್ಳುತ್ತದೆ. ಹಾಗಾಗಿ ಕಾಳು ಹೊತ್ತವು ಎಷ್ಟು ಬೇಗ ಮರಳಿದರೆ ಮಿಕ್ಕವು ಅಷ್ಟು ಬೇಗ ಹೊರಡುತ್ತವೆ. ಸುಮಾರು 20 ನಿಮಿಷ ಯಾವುದೂ ಬಾರದಿದ್ದರೆ ಹೊರಡುವುದೇ ನಿಲ್ಲುತ್ತದೆ. ಕಳಿಸಿದ ಡೇಟಾ ತಲುಪಿತೆಂದು ಮರಳುವ ಸ್ವೀಕೃತಿ ನೋಡಿ ವೇಗ ಹೊಂದಿಸುವ ಇಂಟರ್‌ನೆಟ್ ನಿಯಮಾವಳಿ ಟಿಸಿಪಿಗೂ ಇದಕ್ಕೂ ಇರುವ ಹೋಲಿಕೆಯನ್ನು ಸ್ಟ್ಯಾನ್‌ಫರ್ಡ್‌ನ ಜೀವವಿಜ್ಞಾನಿ ಡೆಬೊರಾ ಗಾರ್ಡನ್, ಕಂಪ್ಯೂಟರ್ ವಿಜ್ಞಾನಿ ಬಾಲಾಜಿ ಪ್ರಭಾಕರ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದರು.

ನಮ್ಮ ಆ್ಯಪ್‌ಗಳು ಎಡವುವುದು ಇಲ್ಲೇ, ಉತ್ತರ ಬಾರದಿದ್ದರೂ ಮತ್ತೆ ಮತ್ತೆ ಕೇಳುತ್ತವೆ. ಆ್ಯಪ್, ಗೇಟ್‌ವೇ (ಕೋರಿಕೆಗಳು ಒಳಬರುವ ಬಾಗಿಲು), ಸರ್ವೀಸ್ (ಒಳಗೆ ಕೆಲಸ ಮಾಡುವ ತಂತ್ರಾಂಶ) ಮೂರೂ ಹಂತದಲ್ಲಿ ತಲಾ 3 ಪ್ರಯತ್ನ ಇಟ್ಟರೆ, ಒಂದೇ ಕ್ಲಿಕ್ಕು ಡೇಟಾಬೇಸ್ ಮೇಲೆ 27 ಕೋರಿಕೆಗಳಾಗಿ ಬೀಳಬಹುದು, ಅದೂ ಡೇಟಾಬೇಸ್ ಏದುಸಿರು ಬಿಡುತ್ತಿರುವಾಗ. ಮರುಪ್ರಯತ್ನ ಒಂದೇ ಹಂತದಲ್ಲಿರಲಿ. ಮತ್ತೆ ಕೇಳುವ ಮುನ್ನ ಕಾಯುವ ಮಿತಿ 1, 2, 4, 8 ಸೆಕೆಂಡ್ ಎಂದು ಇಮ್ಮಡಿಯಾಗುತ್ತ 30ಕ್ಕೆ ನಿಲ್ಲಲಿ. ಸೊನ್ನೆಯಿಂದ ಆ ಮಿತಿಯೊಳಗೆ ಯಾವುದಾದರೊಂದು ಹೊತ್ತನ್ನು ಚೀಟಿ ಎತ್ತಿದ ಹಾಗೆ ಆರಿಸಿ. ಇಲ್ಲವಾದರೆ ಸಾವಿರಾರು ಫೋನ್‌ಗಳು ಒಂದೇ ಕ್ಷಣಕ್ಕೆ ಬಾಗಿಲು ಬಡಿಯುತ್ತವೆ. ಹಣ ಪಾವತಿಗೆ, ಎಷ್ಟು ಸಲ ಕೇಳಿದರೂ ಬದಲಾಗದ ಪ್ರತ್ಯೇಕ ಗುರುತು ಸಂಖ್ಯೆ ಇಲ್ಲದೆ ಮರುಪ್ರಯತ್ನ ಬೇಡವೇ ಬೇಡ, ಎರಡು ಸಲ ಕಡಿತವಾದೀತು.

ಕುಸಿದ ಸರ್ವರ್ ಮತ್ತೆ ಎದ್ದ ಕೂಡಲೇ ಪೂರ್ತಿ ತೆರೆಯಬೇಡಿ. ಬೆಳಿಗ್ಗೆ ಈ ಗೂಡಿನಿಂದ ಮೊದಲು ಹೊರಡುವುದು ಕೆಲವೇ ಗಸ್ತಿನ ಇರುವೆಗಳು. ಅವು ಕ್ಷೇಮವಾಗಿ ಮರಳಿದ ಮೇಲಷ್ಟೇ ಉಳಿದವು. ಒಂದೆರಡು ಕೋರಿಕೆ ಬಿಟ್ಟು ನೋಡಿ, ಉತ್ತರ ಸರಿಯಾಗಿ ಬಂದರೆ ಹೆಚ್ಚಿಸುತ್ತ ಹೋಗಿ.