ಫಲಕದಲ್ಲಿ ಬರೆಯದ ಲೆಕ್ಕ

ನಿನ್ನೆ ಕೋಲಾರದ ಹತ್ತಿರದ ಸರ್ಕಾರಿ ಶಾಲೆಯೊಂದರಲ್ಲಿ ಶುದ್ಧ ಕುಡಿಯುವ ನೀರಿನ ಘಟಕದ ಉದ್ಘಾಟನೆ ನಡೆಯಿತು. ಕೊಟ್ಟದ್ದು ಒಂದು ಹೆಸರಾಂತ ತಂಪು ಪಾನೀಯ ಕಂಪನಿ. ಘಟಕ ಬೀರುವಿನಷ್ಟಿತ್ತು, ‘ಸಮಾಜಕ್ಕೆ ನಮ್ಮ ಕೊಡುಗೆ’ ಎಂಬ ಫಲಕ ಮಾತ್ರ ಶಾಲೆಯ ಹೆಸರನ್ನೇ ಮುಚ್ಚುವಷ್ಟಿತ್ತು. ಮುಖ್ಯೋಪಾಧ್ಯಾಯರ ಮುಖ ನೋಡಿಕೊಂಡು ನಾನೂ ಚಪ್ಪಾಳೆ ತಟ್ಟಿದೆ. ಆ ಸಂಕಟ ಇನ್ನೂ ಇಳಿದಿಲ್ಲ.

ಇದನ್ನು ಕೊಡುಗೆ ಎನ್ನುವುದೇ ತಪ್ಪು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಇಂಥ ಕೆಲಸಗಳಿಗೆ ತೆಗೆದಿಡಬೇಕು. ಕಂದಾಯ ಕಟ್ಟಿದವನಿಗೆ ಯಾರಾದರೂ ಶಾಲು ಹೊದಿಸುತ್ತಾರೆಯೇ?

ಘಟಕ ಗಂಟೆಗೆ ಎಷ್ಟು ಲೀಟರ್ ಶುದ್ಧೀಕರಿಸುತ್ತದೆ ಎಂಬುದು ಫಲಕದಲ್ಲಿದೆ. ಕಂಪನಿ ದಿನಕ್ಕೆ ಎಷ್ಟು ನೀರನ್ನು ನೆಲದಿಂದ ಎತ್ತುತ್ತದೆ ಎಂಬುದು ಇಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ, 2018ರಿಂದ ಬೆಂಗಳೂರಿನ ಚರಂಡಿ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ನಮ್ಮ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಕೆರೆಗೆ ಬೆಂಗಳೂರಿನ ಬಳಸಿದ ನೀರು, ಬಾಟಲಿಗೆ ನಮ್ಮ ಪಾತಾಳದ ನೀರು. ಎಂಥ ವಿನಿಮಯ!

‘ಟೊಮೆಟೊ ಬೆಳೆಯುವ ರೈತರು ಇದಕ್ಕಿಂತ ಹೆಚ್ಚು ನೀರು ಎತ್ತುವುದಿಲ್ಲವೇ?’ ಎಂದು ಅಲ್ಲಿಯೇ ಒಬ್ಬ ಸ್ನೇಹಿತರು ಕೇಳಿದರು. ಎತ್ತುತ್ತಾರೆ, ಖಂಡಿತ. ಆದರೆ ಬೋರ್‌ವೆಲ್ ಬತ್ತಿದರೆ ರೈತ ಸಾಲದೊಡನೆ ಇಲ್ಲೇ ಉಳಿಯುತ್ತಾನೆ; ಕಂಪನಿ ಬೇರೆ ಊರು ನೋಡಿಕೊಳ್ಳುತ್ತದೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಜಾಣತನ ನನಗೆ ಬೇಡ.

ಕೇರಳದ ಪ್ಲಾಚಿಮಾಡದಲ್ಲಿ ಆದದ್ದೂ ಅದೇ. 2000ದಲ್ಲಿ ಅಲ್ಲಿ ಕೋಕಾ-ಕೋಲಾ ಘಟಕ ಆರಂಭವಾಯಿತು. ಬಾವಿಗಳ ನೀರು ಕೆಟ್ಟು, 2002ರಲ್ಲಿ ಮಯಿಲಮ್ಮನವರಂಥ ಆದಿವಾಸಿ ಮಹಿಳೆಯರು ಧರಣಿ ಕುಳಿತರು. ಗೊಬ್ಬರವೆಂದು ರೈತರಿಗೆ ಕೊಟ್ಟಿದ್ದ ಕಾರ್ಖಾನೆಯ ಕೆಸರಿನಲ್ಲಿ ಸೀಸ ಮತ್ತು ಕ್ಯಾಡ್ಮಿಯಂ ಪತ್ತೆಯಾದವು. 2004ರಲ್ಲಿ ಘಟಕ ನಿಂತಿತು. 2010ರಲ್ಲಿ ಸರ್ಕಾರದ ಉನ್ನತಾಧಿಕಾರ ಸಮಿತಿ 216.26 ಕೋಟಿ ರೂಪಾಯಿ ನಷ್ಟ ಅಂದಾಜಿಸಿತು. 2011ರಲ್ಲಿ ವಿಧಾನಸಭೆ ಪರಿಹಾರಕ್ಕಾಗಿ ಅಂಗೀಕರಿಸಿದ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ದೊರೆಯಲಿಲ್ಲ. ಅದೇ ಕಂಪನಿ 2016ರಲ್ಲಿ, ತನ್ನ ಪಾನೀಯಗಳಲ್ಲಿ ಬಳಸಿದಷ್ಟು ನೀರನ್ನು ಪ್ರಕೃತಿಗೂ ಜನರಿಗೂ ಹಿಂದಿರುಗಿಸಿರುವುದಾಗಿ ಘೋಷಿಸಿತು. ಅದು ಇಡೀ ಜಗತ್ತಿನ ಲೆಕ್ಕ! ಎಲ್ಲೋ ಇಂಗಿಸಿದ ನೀರು ಪ್ಲಾಚಿಮಾಡದ ಬಾವಿಗೆ ಹೇಗೆ ಬಂದೀತು?

ಶಾಲೆಗೆ ಘಟಕ ಕೊಟ್ಟ ಕಂಪನಿಯ ಅಧಿಕಾರಿ ಕೂಡ ನಿನ್ನೆ ‘ಮರುಪೂರಣ’, ಅಂದರೆ ಎತ್ತಿದ ನೀರನ್ನು ನೆಲಕ್ಕೆ ಮರಳಿಸುವುದು, ಎಂದು ಹಲವು ಬಾರಿ ಹೇಳಿದರು. ಯಾವ ಹಳ್ಳಿಯಲ್ಲಿ ಎಂದು ಕೇಳಿದರೆ, ವಾರ್ಷಿಕ ವರದಿಯಲ್ಲಿದೆ ಎಂದರು. ವರದಿ ಇಂಗ್ಲಿಷಿನಲ್ಲಿದೆ, ಸ್ವಾಮಿ. ಎತ್ತಿದ ನೀರಿನ ಮೀಟರ್ ರೀಡಿಂಗನ್ನು ಕಂಪನಿ ಪ್ರತಿ ತಿಂಗಳು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಲಿ. ಅಷ್ಟು ಬಣ್ಣದ ಖರ್ಚನ್ನು ಬೇಕಾದರೆ ನಾವೇ ಚಂದಾ ಎತ್ತಿ ಕೊಡುತ್ತೇವೆ.