ಗೋಡೆ ಬಿಡಿ, ಹಿಂದಿನ ಕಿಟಕಿ ನೋಡಿ

ಎಂಟು ದಿನ ಕಷ್ಟಪಟ್ಟು ಕಟ್ಟಿದ್ದ ಬೇಸ್, ಅಂದ್ರೆ ನಮ್ಮ ಅಡಗುತಾಣ, ಮೊನ್ನೆ ಶನಿವಾರ ರಾತ್ರಿ ಅರ್ಧ ಗಂಟೆಯಲ್ಲಿ ನೆಲ ಕಚ್ಚಿತು. ಎಂಟು ದಿನ ಅಂದ್ರೆ ಕಂಪ್ಯೂಟರ್ ಆಟದ ಲೆಕ್ಕ. ಪ್ರಾಜೆಕ್ಟ್ ಜಾಂಬಾಯ್ಡ್‌ನಲ್ಲಿ (ನಾವು ಆಡೋದು ಅದರ ಬಿಲ್ಡ್ 41 ಆವೃತ್ತಿ) ಸೆಟ್ಟಿಂಗ್ ಮುಟ್ಟದೇ ಬಿಟ್ಟರೆ ಒಂದು ದಿನ ನಮ್ಮ ಒಂದು ಗಂಟೆಗೆ ಸಮ. ಆದರೂ ಎಂಟು ಗಂಟೆ ಮರ ಕಡಿದಿದ್ದೇನೆ ಕಣ್ರಿ. ಮೌಸ್ ಒತ್ತಿ ಒತ್ತಿ ಬೆರಳು ನೋಯ್ತಾ ಇರೋದು ಮಾತ್ರ ಆಟದ ಲೆಕ್ಕ ಅಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಕೆಂಟಕಿ, ಇಸವಿ 1993, ಜುಲೈ ತಿಂಗಳು. ಊರಿಗೆ ಊರೇ ಜಾಂಬಿ, ಅಂದ್ರೆ ನಡೆದಾಡುವ ಹೆಣ, ಆಗಿದೆ, ನೀವೊಬ್ಬರು ಉಳಿದಿದ್ದೀರಿ. ಗೆಲ್ಲೋದು ಅನ್ನೋದೇ ಇಲ್ಲ. ನೀನು ಹೇಗೆ ಸತ್ತೆ ಅನ್ನೋದರ ಕಥೆ ಇದು ಅಂತ ಶುರುವಿನಲ್ಲೇ ಬರೆದು ತೋರಿಸುತ್ತಾರೆ. ಜಾಂಬಿ ಪರಚಿದರೆ ಬದುಕುವ ಅವಕಾಶ ಉಂಟು, ಕಚ್ಚಿದರೆ ಮುಗೀತು, ಔಷಧಿ ಇಲ್ಲ. ಎಷ್ಟು ದಿನ ತಳ್ಳುತ್ತೀರಿ ಅನ್ನೋದಷ್ಟೇ ಆಟ.

ನಾನು ಆಡೋದು ಕೊಪ್ಪಳದಲ್ಲಿರುವ ಚಿಕ್ಕಮ್ಮನ ಮಗನ ಜೊತೆ. ಮಲ್ಡ್ರಾ ಅನ್ನೋ ಊರಲ್ಲಿ, ಮೇನ್ ರೋಡಿಗೆ ಹತ್ತಿಕೊಂಡೇ ಒಂದು ಮನೆ ಹಿಡಿದೆವು. ಅಂಗಡಿಗಳು ಹತ್ತಿರ, ಅಂತ ನಾನೇ ಹಠ ಮಾಡಿದ್ದು. ಸುತ್ತಲೂ ದಿಮ್ಮಿ ಗೋಡೆ. ಇದಕ್ಕೆ ಮೊಳೆ ಬೇಡ, ಬಡಗಿ ಕೆಲಸ ಬರಬೇಕು ಅಂತಲೂ ಇಲ್ಲ. ಒಂದು ತುಂಡು ಗೋಡೆಗೆ ನಾಲ್ಕು ದಿಮ್ಮಿ, ಕಟ್ಟೋದಕ್ಕೆ ಹರಿದ ಬಟ್ಟೆ ಪಟ್ಟಿ. ಸತ್ತವರ ಅಂಗಿ ಹರಿದು ಹರಿದು ಗೋಡೆ ಎಬ್ಬಿಸಿದೆ. ಹಗಲೆಲ್ಲ ಬಳ್ಳಾರಿಯ ಜೀನ್ಸ್ ಯೂನಿಟ್ಟಲ್ಲಿ ಲೆಕ್ಕ ಬರೆಯುವ ನನಗೆ ಇಲ್ಲೊಂದು ತಮಾಷೆ. ಅಂಗಿಯನ್ನು ಕೈಯಲ್ಲೇ ಹರಿಯಬಹುದು, ಜೀನ್ಸ್ ಪ್ಯಾಂಟಿಗೆ ಮಾತ್ರ ಕತ್ತರಿ ಬೇಕು. ಆ ಡೆನಿಮ್ ಪಟ್ಟಿಯನ್ನು ಬಟ್ಟೆ ಮೇಲೆ ತೇಪೆ ಹಾಕಿದರೆ ಕಚ್ಚನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಆಟ ಮಾಡಿದವರು ಬಳ್ಳಾರಿಗೆ ಬಂದು ಹೋಗಿದ್ದಾರೇನೋ ಅನ್ನಿಸಿತು.

ಗೋಡೆ ಮುಗಿಯಿತು. ಒಂದೇ ಗೇಟು. ಅದೇ ನನ್ನ ಹೆಮ್ಮೆ, ಒಂದೇ ಗೇಟು, ಒಂದೇ ಕಡೆ ಕಾಯೋದು. ತಮ್ಮ ಆಗಲೇ ಹೇಳಿದ್ದ, "ಅಣ್ಣಾ, ಹಿಂದ ಒಂದು ದಾರಿ ಇಡೋ." ನಾನು ಕೇಳಲಿಲ್ಲ.

ಎಂಟನೇ ದಿನ ಹೆಲಿಕಾಪ್ಟರ್ ಬಂತು. ಆರರಿಂದ ಒಂಬತ್ತನೇ ದಿನದೊಳಗೆ ಒಂದು ಸಲ ಅದು ಬಂದೇ ಬರುತ್ತದೆ, ನನಗೂ ಗೊತ್ತಿತ್ತು. ಬಾಂಬ್ ಹಾಕಲ್ಲ, ಏನೂ ಮಾಡಲ್ಲ. ನಿಮ್ಮ ತಲೆ ಮೇಲೆ ಸುತ್ತುತ್ತದೆ, ಅಷ್ಟೇ. ಆ ಸದ್ದಿಗೆ ಸುತ್ತಮುತ್ತಲ ಜಾಂಬಿಗಳೆಲ್ಲ ಹೊರಡುತ್ತವೆ. ಹೆಣಗಳಿಗೆ ಬುದ್ಧಿ ಇಲ್ಲ, ಕಿವಿ ಇದೆ. ತಮ್ಮ ಕಾರು ತೆಗೆದುಕೊಂಡು ಪೆಟ್ರೋಲಿಗೆ ಹೋಗಿದ್ದ. ನಾನು ಅಂಗಳದಲ್ಲಿ ಮಹಾರಾಜನ ಥರ ನಿಂತಿದ್ದೆ. ಗೋಡೆ ಇದೆಯಲ್ಲ!

ಮೊದಲು ಗೇಟಿನ ಹತ್ತಿರ ಧಡ್ ಅಂತ ಒಂದು ಸದ್ದು. ಆಮೇಲೆ ಎಡಗಡೆ ಒಂದು. ಆಮೇಲೆ ಎಣಿಸೋಕೆ ಆಗಲಿಲ್ಲ. ಗೇಟು ಮುರಿದಾಗ ನಾನು ಹಿಂದಕ್ಕೆ ಓಡಿದೆ. ಹಿಂದೆ ಏನಿತ್ತು? ನಾನೇ ಕಟ್ಟಿದ ಗೋಡೆ. ಅದಕ್ಕೆ ಬೆನ್ನು ಕೊಟ್ಟು ನಿಂತು ಕೊಡಲಿ ಬೀಸಿದೆ, ಆರೋ ಏಳೋ ಬಿದ್ದವು, ಅಷ್ಟರಲ್ಲಿ ಉಸಿರು ಕಟ್ಟಿತು. ಕುತ್ತಿಗೆಗೇ ಕಚ್ಚಿತು. ಹೆಡ್‌ಫೋನಲ್ಲಿ ತಮ್ಮ ನಗ್ತಾ ಇದ್ದ, "ಜೈಲು ಚಲೋ ಕಟ್ಟಿದ್ಯಣ್ಣಾ."

ಈ ಮಾತು ನಾಲ್ಕು ದಿನದಿಂದ ತಲೆಯಲ್ಲಿ ಕೊರೀತಾ ಇದೆ. ಅದಕ್ಕೇ ಇಷ್ಟುದ್ದ ಬರೀತಾ ಇರೋದು.

ಯೂಟ್ಯೂಬ್ ತುಂಬ ಗೋಡೆಗಳೇ. ಎರಡು ಸುತ್ತು ಗೋಡೆ, ಮೂರು ಸುತ್ತು ಗೋಡೆ. ನೋಡೋಕೆ ಚೆಂದ, ಲೈಕ್ ಬರ್ತವೆ. ನನ್ನ ಪ್ರಕಾರ ಅದೆಲ್ಲ ತಪ್ಪು ಕಡೆ ನೋಡೋದು. ಬೇಸ್ ಅಂದ್ರೆ ಜಾಂಬಿ ಒಳಗೆ ಬರದ ಜಾಗ ಅಲ್ಲ. ನೀವು ಬೇಕೆಂದಾಗ ಹೊರಗೆ ಹೋಗೋಕೆ ಆಗುವ ಜಾಗ. ಅವು ಇವತ್ತಲ್ಲ ನಾಳೆ ಒಳಗೆ ಬಂದೇ ಬರುತ್ತವೆ. ನೀವು ಆಗ ಎಲ್ಲಿರುತ್ತೀರಿ ಅನ್ನೋದೇ ಪ್ರಶ್ನೆ.

ಬಳ್ಳಾರಿಯವನಿಗೆ ಇದನ್ನು ಇನ್ನೊಬ್ಬರು ಹೇಳಬೇಕಾ? ನಮ್ಮ ಮಾಳಿಗೆ ಹತ್ತಿದರೆ ಕೋಟೆ ಗುಡ್ಡ ಕಾಣುತ್ತದೆ. ಮೇಲಿನ ಕೋಟೆ ಹನುಮಪ್ಪ ನಾಯಕನದು, ಕೆಳಗಿನದು ಹೈದರ್ ಅಲಿ ಕಾಲದ್ದು. ಕೋಟೆ ಕೆಲಸ ಮಾಡಿದ ಫ್ರೆಂಚ್ ಇಂಜಿನಿಯರನ್ನು ಹೈದರ್ ಗಲ್ಲಿಗೆ ಹಾಕಿಸಿದ ಅನ್ನೋ ಕಥೆ ಇಲ್ಲಿ ಚಿಕ್ಕ ಹುಡುಗರಿಗೂ ಗೊತ್ತು. ಗೋಡೆಯಲ್ಲಿ ಏನೂ ಕೊರತೆ ಇರಲಿಲ್ಲ. ಪಕ್ಕದ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಇದೆ, ಅಲ್ಲಿ ಫಿರಂಗಿ ಏರಿಸಿದರೆ ಕೋಟೆ ಕೈ ಬಿಡುತ್ತದೆ ಅಂತ ಆಮೇಲೆ ಹೊಳೆಯಿತಂತೆ. ಕಥೆ ಎಷ್ಟು ನಿಜವೋ, ಗುಡ್ಡ ಅಂತೂ ಅಲ್ಲೇ ಇದೆ. ಆ ಇಂಜಿನಿಯರಿಗೆ ಕುಂಬಾರ ಗುಡ್ಡ, ನನಗೆ ಮಲ್ಡ್ರಾ ಮೇನ್ ರೋಡು. ತಮ್ಮನಿಗೆ ಇದನ್ನು ಹೇಳಿದ್ದೇ ತಪ್ಪಾಯ್ತು. "ನಮ್ಮ ಕೊಪ್ಪಳದ ಕೋಟಿ ನೋಡು, 1790ರಾಗ ನಿಜಾಮನ ಸೈನ್ಯ, ಇಂಗ್ಲಿಷರು ಕೂಡಿ ಮುತ್ತಿಗಿ ಹಾಕಿದ್ರೂ ತಿಂಗಳುಗಟ್ಟಲೆ ಜಗ್ಗಲಿಲ್ಲ" ಅಂತ ಶುರು ಮಾಡಿದ. ಕೊನೆಗೆ ಏನಾಯ್ತು ಅಂತ ಮಾತ್ರ ಹೇಳಲಿಲ್ಲ.

ಹಾಗಾದರೆ ಹೇಗೆ ಕಟ್ಟಬೇಕು? ಎರಡು ಮಹಡಿ ಮನೆ ಹಿಡೀರಿ, ಊರಿನ ಅಂಚಿಗೆ. ನಾವು ಈಗ ಆಟದ ಇನ್ನೊಂದು ಊರಾದ ರೋಸ್‌ವುಡ್‌ನಲ್ಲಿದ್ದೇವೆ, ಅಲ್ಲಿ ಜಾಂಬಿ ಕಡಿಮೆ, ಫೈರ್ ಸ್ಟೇಷನ್ನಲ್ಲಿ ಕೊಡಲಿ ಸಿಗುತ್ತದೆ. ಮೇಲೆ ವಾಸ. ಸಮ್ಮಟಿ ಸಿಕ್ಕರೆ ಮೆಟ್ಟಿಲನ್ನೇ ಒಡೆದು ಹಾಕಿ. ಬೆಡ್‌ಶೀಟ್ ಹಗ್ಗ ಮಾಡಿ, ಕಿಟಕಿಗೆ ಮೊಳೆ ಹೊಡೆದು ಇಳಿಬಿಡಿ. ಜಾಂಬಿಗಳಿಗೆ ಹಗ್ಗ ಹತ್ತೋಕೆ ಬರಲ್ಲ. ಒಂದು ಹಗ್ಗ ಅಲ್ಲ, ಎರಡು. ಮುಂದಿನ ಕಿಟಕಿಗೊಂದು, ಹಿಂದಿನ ಕಿಟಕಿಗೊಂದು. ಕಾರನ್ನು ಹಿಂದೆ ನಿಲ್ಲಿಸಿ, ಮೂತಿ ರಸ್ತೆ ಕಡೆಗಿರಲಿ. ಜೀವ ಉಳಿಸಿಕೊಳ್ಳುವ ಹೊತ್ತಲ್ಲಿ ರಿವರ್ಸ್ ತೆಗೆಯೋದು ಇದೆಯಲ್ಲ, ಅದನ್ನೂ ನಾನು ಅನುಭವಿಸಿದ್ದೇನೆ. ಕಿಟಕಿಗೆ ಪರದೆ ಹಾಕಿ. ಇಷ್ಟೇ. ಇದಕ್ಕೆ ಎಂಟು ದಿನ ಬೇಡ, ಸಮ್ಮಟಿ ಇದ್ದರೆ ಒಂದು ಮಧ್ಯಾಹ್ನ ಸಾಕು.

ಹೆಲಿಕಾಪ್ಟರ್ ಸದ್ದು ಕೇಳಿದ ಕೂಡಲೇ ಬೇಸ್ ಬಿಟ್ಟು ದೂರ ಹೋಗಿಬಿಡಿ. ಅದು ಹಿಂಬಾಲಿಸೋದು ನಿಮ್ಮನ್ನು, ಮನೆಯನ್ನಲ್ಲ.

ಇನ್ನು ನೀರು. ಇದರ ಬಗ್ಗೆ ಮಾತಾಡೋಕೆ ನನಗೆ ಅಧಿಕಾರ ಇದೆ ಅಂದುಕೊಂಡಿದ್ದೇನೆ. ನಮ್ಮ ಓಣಿಗೆ ನಳ ಬರೋದು ಎಂಟು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಇನ್ನೂ ತಡ. ಸಂಪು, ಮಾಳಿಗೆ ಮೇಲೆ ಟ್ಯಾಂಕು, ಬಚ್ಚಲಲ್ಲಿ ಡ್ರಮ್ಮು, ಅಡಿಗೆಮನೆಯಲ್ಲಿ ಕೊಡಗಳ ಸಾಲು. ಆಟದಲ್ಲಿ ನೀರು, ಕರೆಂಟು ಎರಡೂ ಮೊದಲ ಮೂವತ್ತು ದಿನದೊಳಗೆ ಯಾವತ್ತಾದರೂ ಹೋಗುತ್ತವೆ, ಮುಂಚೆ ಹೇಳಲ್ಲ. ಬೆಂಗಳೂರಿನ ಗೆಳೆಯನೊಬ್ಬ ನೀರು ಹೋದ ದಿನ ಗಾಬರಿಯಾಗಿ ಫೋನ್ ಮಾಡಿದ್ದ. ನಾನು ಮೊದಲ ದಿನವೇ ಮನೆಯಲ್ಲಿರೋ ಬಾಟಲಿ, ಪಾತ್ರೆ ಎಲ್ಲ ತುಂಬಿಟ್ಟಿದ್ದೆ. ಯಾರೂ ಹೇಳಿಕೊಟ್ಟಿದ್ದಲ್ಲ, ಕೈ ತಾನೇ ಹೋಗುತ್ತದೆ.

ಆಮೇಲೆ ಮಳೆ ನೀರಿನ ಬ್ಯಾರಲ್. ಹಲಗೆ, ಮೊಳೆ, ಕಸದ ಚೀಲ ಇದ್ದರೆ ಸಾಕು, ಬಡಗಿ ಕೆಲಸದಲ್ಲಿ ಸ್ವಲ್ಪ ಮೇಲೆ ಬಂದಿರಬೇಕು. ಮೊದಲ ವಾರ ಟಿವಿಯಲ್ಲೇ ಅದನ್ನು ಕಲಿಸುವ ಕಾರ್ಯಕ್ರಮ ಬರುತ್ತದೆ, ತಪ್ಪಿಸಬೇಡಿ. ಬ್ಯಾರಲ್ ನೀರನ್ನು ಹಾಗೇ ಕುಡಿಯಬಾರದು, ಕಾಯಿಸಬೇಕು. ಅದನ್ನು ಮಾಳಿಗೆ ಮೇಲಿಟ್ಟು, ಪೈಪ್ ಪಾನಾದಿಂದ ಕೆಳಗಿನ ಸಿಂಕಿಗೆ ಜೋಡಿಸಿದರೆ ಒಳ್ಳೆ ನೀರೇ ಬರುತ್ತದೆ. ನಾವು ಆಡ್ತಿರೋ ಬಿಲ್ಡ್ 41ರಲ್ಲಂತೂ ಹೀಗೇ. ಮಾಳಿಗೆ ಟ್ಯಾಂಕು, ಕೆಳಗೆ ನಳ. ನಮ್ಮ ಪ್ಲಂಬರ್ ನೋಡಿದರೆ ಖುಷಿ ಪಡುತ್ತಾನೆ. ಆ ಬಳ್ಳಾರಿ ಕೋಟೆ ಮೇಲೂ ಬಂಡೆ ಸೀಳಿನ ಹೊಂಡಗಳಲ್ಲಿ ಮಳೆ ನೀರು ನಿಲ್ಲುತ್ತದೆ. ಇಂಜಿನಿಯರ್ ಗುಡ್ಡ ಮರೆತರೂ ನೀರನ್ನು ಯಾರೂ ಮರೆತಿರಲಿಲ್ಲ.

ಜನರೇಟರ್ ವಿಷಯ ಒಂದೇ ಮಾತು. ಮನೆ ಒಳಗೆ ಇಟ್ಟು ಚಾಲೂ ಮಾಡಬೇಡಿ, ಹೊಗೆಗೇ ಸಾಯ್ತೀರಿ. ಹೊರಗಿಟ್ಟರೆ ಸದ್ದಿಗೆ ಜಾಂಬಿ ಬರುತ್ತವೆ, ಅದು ಬೇರೆ. ಫ್ರಿಜ್ಜಿಗೋಸ್ಕರ ಇಷ್ಟು ರಗಳೆ ನನಗಂತೂ ಬೇಡ. ಆಲೂಗಡ್ಡೆ ಬೆಳೆದು ತಿಂದರಾಯ್ತು. ತಮ್ಮ ಒಪ್ಪಲ್ಲ, ಅವನಿಗೆ ಫ್ರಿಜ್ ಬೇಕು. ಈ ಜಗಳ ನಡೀತಾನೇ ಇದೆ.

ನಿನ್ನೆ ರಾತ್ರಿ ಹೊಸ ಮನೆಗೆ ಹಗ್ಗ ಕಟ್ತಾ ಇದ್ದೆ, ಎರಡನೇ ಹಗ್ಗ. ಅವ್ವ ಬಾಗಿಲಲ್ಲಿ ನಿಂತು, "ಆ ಹೆಣಗಳ ಜೊತಿ ಆಮೇಲೆ ಆಡು, ನಳ ಬಂತು, ಮೋಟ್ರು ಹಾಕು" ಅಂದಳು. ಇಬ್ಬರು ಆಡುವಾಗ ಆಟ ನಿಲ್ಲಿಸೋಕೆ ಬರಲ್ಲ. ತಮ್ಮನಿಗೆ ನೋಡ್ಕೋ ಅಂತ ಹೇಳಿ ಓಡಿದೆ. ಸಂಪು ತುಂಬಿ, ಕೊಡ ತುಂಬಿ, ಮುಕ್ಕಾಲು ಗಂಟೆ ಬಿಟ್ಟು ಬಂದು ನೋಡಿದರೆ ನನ್ನ ಮನುಷ್ಯ ಕಿಟಕಿ ಹತ್ತಿರ ಹಾಗೇ ನಿಂತಿದ್ದ, ಹಸಿದುಕೊಂಡು. ಕೆಳಗೆ ಮೂರು ಜಾಂಬಿ ಮೆಟ್ಟಿಲು ಹತ್ತಿ ಬರ್ತಾ ಇದ್ದವು. ಹಿಂದಿನ ಹಗ್ಗದಿಂದ ಇಳಿದು, ಕಾರು ಹತ್ತಿ ಹೊರಟುಬಿಟ್ಟೆ. ಬೆಳಗಾದ ಮೇಲೆ ವಾಪಸ್ ಬಂದೆವು.

ಮೆಟ್ಟಿಲು ಇನ್ನೂ ಒಡೆದಿಲ್ಲ, ಸಮ್ಮಟಿ ಸಿಕ್ಕಿಲ್ಲ. ರೋಸ್‌ವುಡ್ ಸುತ್ತಮುತ್ತ ಯಾರಿಗಾದರೂ ಸಿಕ್ಕಿದ್ದರೆ ಎಲ್ಲಿ ಅಂತ ಹೇಳ್ರಪ್ಪಾ. ಗ್ಯಾರೇಜು, ಶೆಡ್ಡು ಎಲ್ಲ ಜಾಲಾಡಿ ಆಯ್ತು.